ಮೊಂಬಾಸಾಕ್ಕೆ ಮೂರು ದಿನ ಇಟ್ಟುಕೊಳ್ಳಿ

ಕೀನ್ಯಾ ಪ್ರವಾಸಕ್ಕೆ ಹೊರಡುವ ನಮ್ಮವರಲ್ಲಿ ಬಹುಪಾಲು ಜನ ಮಸಾಯಿ ಮಾರಾದ ಸಿಂಹಗಳಿಗೇ ದಿನಗಳನ್ನೆಲ್ಲ ಮೀಸಲಿಟ್ಟು, ಮೊಂಬಾಸಾವನ್ನು ಕೊನೆಯಲ್ಲಿ ಸಮುದ್ರ ಸ್ನಾನಕ್ಕೆಂದು ಅಂಟಿಸಿಕೊಳ್ಳುತ್ತಾರೆ. ಕಳೆದ ಫೆಬ್ರವರಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಹೊರಟಾಗ ನಮ್ಮ ಯೋಜನೆಯೂ ಹಾಗೆಯೇ ಇತ್ತು. ಒಂದು ದಿನವೆಂದು ಹೋದವರು ಅಲ್ಲಿ ಐದು ದಿನ ಉಳಿದೆವು. ಹೋಗುವವರು ಕನಿಷ್ಠ ಮೂರು ಪೂರ್ತಿ ದಿನಗಳನ್ನು ಇಟ್ಟುಕೊಳ್ಳಬೇಕು, ಅದರಲ್ಲಿ ಎರಡನ್ನು ದ್ವೀಪದ ಮೇಲಿರುವ ಹಳೆಯ ಪಟ್ಟಣಕ್ಕೇ ಕೊಡಬೇಕು ಎಂಬುದು ನನ್ನ ಸಲಹೆ.

ಮೊದಲು ಕಾಗದ ಪತ್ರಗಳ ವಿಷಯ. 2024ರ ಜನವರಿಯಿಂದ ಕೀನ್ಯಾಕ್ಕೆ ಹಳೆಯ ಬಗೆಯ ವೀಸಾ ಇಲ್ಲ. ಅದರ ಬದಲು ಆನ್‌ಲೈನ್‌ನಲ್ಲಿ ಪ್ರಯಾಣ ಅನುಮತಿ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಕೀನ್ಯಾದಿಂದ ಹಿಂತಿರುಗುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮದೇ ದೇಶದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ಅವಕಾಶವಿದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುವುದರಿಂದ, ಹೊರಡುವ ವಾರದಲ್ಲಿ ಓಡಾಡಿ ಪ್ರಯೋಜನವಿಲ್ಲ. ಕರಾವಳಿಯಲ್ಲಿ ಮಲೇರಿಯಾ ಇರುವುದರಿಂದ ವೈದ್ಯರನ್ನು ಕೇಳಿ ಮಾತ್ರೆ ಕೊಂಡೊಯ್ಯಿರಿ. ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಚೀಲಗಳಿದ್ದರೆ ಮನೆಯಲ್ಲೇ ಬಿಡಿ. 2017ರಿಂದ ಅಲ್ಲಿ ಅವು ನಿಷಿದ್ಧ.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅಲ್ಲಿ ಜಡಿಮಳೆ. ಜನವರಿಯಿಂದ ಮಾರ್ಚ್‌ವರೆಗೆ ಸೆಕೆಯಿದ್ದರೂ ಸಮುದ್ರ ಶಾಂತವಾಗಿರುತ್ತದೆ. ಮಂಗಳೂರಿನ ಬೇಸಿಗೆ ಕಂಡವರಿಗೆ ಆ ಸೆಕೆ ಹೊಸದಲ್ಲ. ನೈರೋಬಿಯಿಂದ ವಿಮಾನದ ಬದಲು ಹಗಲಿನ ರೈಲು ಹಿಡಿಯಿರಿ. 2017ರಲ್ಲಿ ಆರಂಭವಾದ ಮದರಾಕಾ ಎಕ್ಸ್‌ಪ್ರೆಸ್ ಸುಮಾರು ಐದು ತಾಸಿನಲ್ಲಿ ತಲುಪಿಸುತ್ತದೆ. ನಡುವೆ ತ್ಸಾವೋ ಅಭಯಾರಣ್ಯದ ಕೆಂಪು ಮಣ್ಣನ್ನು ಮೈಗೆ ಬಳಿದುಕೊಂಡ ಆನೆಗಳು ಕಿಟಕಿಯಿಂದಲೇ ಕಾಣುತ್ತವೆ. ಸಾಮಾನು ತಪಾಸಣೆಗೆ ಹೊತ್ತು ಹಿಡಿಯುವುದರಿಂದ ಒಂದು ತಾಸು ಮೊದಲೇ ನಿಲ್ದಾಣದಲ್ಲಿರಬೇಕು. ಮೊಂಬಾಸಾದ ನಿಲ್ದಾಣ ಊರಿನೊಳಗಿಲ್ಲ, ಮಿರಿತಿನಿಯಲ್ಲಿದೆ. ಅಲ್ಲಿಂದ ಊರಿಗೆ ಹೋಗಲು ಟ್ಯಾಕ್ಸಿಯ ದರವನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಮೊದಲ ದಿನ ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತಿದ್ದಂತೆ ಫೋರ್ಟ್ ಜೀಸಸ್ ಕೋಟೆಗೆ ಹೋಗಿಬಿಡಿ, ಏಕೆಂದರೆ ಹತ್ತರ ನಂತರ ಅದರ ಬಯಲಿನಲ್ಲಿ ನೆರಳೇ ಇರುವುದಿಲ್ಲ. ಪೋರ್ಚುಗೀಸರು 1593ರಿಂದ 1596ರ ನಡುವೆ ಕಟ್ಟಿಸಿದ ಈ ಕೋಟೆಯ ನಕ್ಷೆ, ಅವರ ಭಾರತ ಆಡಳಿತದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಇಟಲಿಯ ಜೊವಾನ್ನಿ ಬತಿಸ್ತಾ ಕೈರಾತಿಯದು. ಆ ಕಾಲದಲ್ಲಿ ಮೊಂಬಾಸಾದ ಆಡಳಿತ ನಡೆಯುತ್ತಿದ್ದುದು ಗೋವೆಯಲ್ಲಿದ್ದ ವೈಸ್‌ರಾಯನ ಅಧೀನದಲ್ಲಿ. ಒಮಾನಿನ ಅರಬರು 1696ರಲ್ಲಿ ಹಾಕಿದ ಮುತ್ತಿಗೆ 1698ರ ಡಿಸೆಂಬರಿನವರೆಗೆ ನಡೆಯಿತು. ಒಳಗಿದ್ದವರು ಹಸಿವು ಮತ್ತು ರೋಗಗಳಿಂದ ಸಾಯುತ್ತಿದ್ದಾಗ ಅವರು ಕಾಯುತ್ತಿದ್ದುದು ಗೋವೆಯ ಹಡಗುಗಳನ್ನೇ. ಹಾಗೆ ನೆರವಿಗೆ ಬಂದು 1697ರಲ್ಲಿ ಕೋಟೆಯ ಬುಡದಲ್ಲೇ ಮುಳುಗಿದ ಸಾಂತೊ ಅಂತೋನಿಯೊ ದ ತಾನಾ ಎಂಬ ಹಡಗಿನ ಅವಶೇಷಗಳು ಒಳಗಿನ ವಸ್ತುಸಂಗ್ರಹಾಲಯದಲ್ಲಿವೆ. ಅದು ಮುಂಬಯಿ ಬಳಿಯ ವಸಾಯಿಯಲ್ಲಿ ಕಟ್ಟಿದ ಹಡಗು. ಹೆಚ್ಚಿನವರು ಫಿರಂಗಿಗಳ ಮುಂದೆ ಚಿತ್ರ ತೆಗೆಸಿಕೊಂಡು ಈ ಕೋಣೆಯನ್ನು ದಾಟಿ ಹೋಗುತ್ತಾರೆ. ನಾವು ಒಂದೂವರೆ ತಾಸು ಅಲ್ಲೇ ಕಳೆದೆವು, ಸಾಲದೆನಿಸಿತು. ಬೇಸರದಲ್ಲಿ ಕಾವಲು ಕಾಯುತ್ತಿದ್ದ ಪೋರ್ಚುಗೀಸ್ ಸೈನಿಕರು ಗೋಡೆಯ ಮೇಲೆ ಗೀಚಿದ ಹಡಗು, ಮೀನುಗಳ ಚಿತ್ರಗಳನ್ನೂ ತಪ್ಪಿಸಬೇಡಿ. ಬ್ರಿಟಿಷರು ಈ ಕೋಟೆಯನ್ನು 1895ರಿಂದ 1958ರವರೆಗೆ ಸೆರೆಮನೆ ಮಾಡಿಕೊಂಡಿದ್ದರು. 2011ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮಲ್ಲಿರುವಂತೆ ಅಲ್ಲಿಯೂ ವಿದೇಶಿಯರಿಗೆ ಪ್ರವೇಶ ಶುಲ್ಕ ಹೆಚ್ಚು.

ಕೋಟೆಯಿಂದ ಹೊರಬಂದರೆ ಎದುರಿಗೇ ಹಳೆಯ ಪಟ್ಟಣ. ಇದನ್ನು ನಡೆದೇ ನೋಡಬೇಕು, ಅದೂ ಬೆಳಗಿನ ಹೊತ್ತು ಅಥವಾ ಸಂಜೆ ನಾಲ್ಕರ ಮೇಲೆ; ನಡು ಮಧ್ಯಾಹ್ನ ಬೀದಿಗಳು ಬಾಗಿಲು ಹಾಕಿಕೊಂಡು ಮಲಗಿರುತ್ತವೆ. ನ್ದಿಯಾ ಕುವು ಎಂಬ ಮುಖ್ಯ ಓಣಿಯುದ್ದಕ್ಕೂ ಕೆತ್ತನೆಯ ದೊಡ್ಡ ಬಾಗಿಲುಗಳು, ಮೇಲೆ ಮರದ ಬಾಲ್ಕನಿಗಳು. ಬಾಗಿಲುಗಳ ಮುಂದೆ ಹಾದಿಗೆ ಮುಖ ಮಾಡಿ ಕಟ್ಟಿದ ಕಲ್ಲಿನ ಕಟ್ಟೆಗಳನ್ನು ಅವರು ಬರಾಜಾ ಎನ್ನುತ್ತಾರೆ. ಅವು ನಮ್ಮ ಜಗಲಿಯೇ ಸರಿ: ಬಂದವರನ್ನು ಒಳಗೆ ಕರೆಯದೆ ಅಲ್ಲೇ ಕೂರಿಸಿ ಮಾತನಾಡಿಸಬಹುದು, ಸಂಜೆ ಹಿರಿಯರು ಕೂತು ಬೀದಿಯನ್ನು ನೋಡಬಹುದು. ಒಂದು ಮನೆಯ ಹೊಸ್ತಿಲಲ್ಲಿ ಅಜ್ಜಿಯೊಬ್ಬರು ಗಿಡ್ಡನೆಯ ಮರದ ಮಣೆಯ ಮೇಲೆ ಕೂತು, ಅದರ ತುದಿಗೆ ಜೋಡಿಸಿದ ಹಲ್ಲುಗಳಿರುವ ಕಬ್ಬಿಣದ ನಾಲಗೆಗೆ ತೆಂಗಿನ ಹೋಳನ್ನು ಒತ್ತಿ ತಿರುಗಿಸುತ್ತಿದ್ದರು. ಕುಂದಾಪುರದಲ್ಲಿ ಬೆಳೆದ ನನ್ನ ಹೆಂಡತಿ ಅದನ್ನು ಕಂಡವಳೇ ನಿಂತುಬಿಟ್ಟಳು. ಅದರ ಹೆಸರು ಕೇಳಿದಾಗ ‘ಂಬುಜಿ’ ಎಂದರು; ಆ ಪದಕ್ಕೆ ಮೇಕೆ ಎಂಬ ಅರ್ಥವೂ ಇದೆಯೆಂದು ಮೊಮ್ಮಗಳು ನಗುತ್ತಾ ವಿವರಿಸಿದಳು. ಮಸೀದಿಗಳ ಸುತ್ತ ಓಡಾಡುವಾಗ ಮೊಣಕಾಲು, ಭುಜ ಮುಚ್ಚುವ ಉಡುಪಿರಲಿ. ಜನರ ಚಿತ್ರ ತೆಗೆಯುವ ಮುನ್ನ ಕೇಳಿಯೇ ತೆಗೆಯಿರಿ.

ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿಯ ಪೊಟ್ಟಣಗಳನ್ನು ಹೊತ್ತೊಯ್ಯುವ ಅಗತ್ಯ ಈ ಊರಿನಲ್ಲಂತೂ ಇಲ್ಲ. ಬೆಳಗಿನ ತಿಂಡಿಗೆ ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಂಬಾಜಿ, ಅದರೊಂದಿಗೆ ಏಲಕ್ಕಿ ಹಾಕಿ ಕರಿದ ಮಹಮ್ರಿ ಸಿಗುತ್ತದೆ. ಸಂಜೆ ಬೀದಿಬದಿಯಲ್ಲಿ ವಿಯಾಜಿ ಕರಾಯಿ ತಿನ್ನಿ: ಬೇಯಿಸಿದ ಆಲೂಗಡ್ಡೆಯನ್ನು ಅರಿಸಿನದ ಹಿಟ್ಟಿನಲ್ಲಿ ಅದ್ದಿ ಕರಿದು, ಮೇಲೆ ಹುಣಸೆಯ ಚಟ್ನಿ ಸುರಿದು ಕೊಡುತ್ತಾರೆ. ಕತ್ತಲಾಗುವ ಹೊತ್ತಿಗೆ ಉದ್ದ ಮೂತಿಯ ಹಿತ್ತಾಳೆ ಹೂಜಿಯನ್ನು ಕೆಂಡದ ಮೇಲಿಟ್ಟುಕೊಂಡು ಕಾಫಿ ಮಾರುವವರು ಬರುತ್ತಾರೆ. ಹಾಲಿಲ್ಲದ, ಸಕ್ಕರೆಯಿಲ್ಲದ, ಶುಂಠಿಯ ಘಾಟಿನ ಆ ಕಾಫಿಯನ್ನು ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ನಮ್ಮ ಫಿಲ್ಟರ್ ಕಾಫಿಯ ನಾಲಗೆಗೆ ಮೊದಲ ಗುಟುಕು ಔಷಧಿಯಂತೆಯೇ ಇತ್ತು. ಕಡಲೆಕಾಯಿ ಚಿಕ್ಕಿಯನ್ನು ಹೋಲುವ ಕಶಾತಾವನ್ನು ಕಚ್ಚಿಕೊಂಡು ಕುಡಿಯಬೇಕೆಂದು ಪಕ್ಕದಲ್ಲಿದ್ದವರು ತೋರಿಸಿಕೊಟ್ಟ ಮೇಲೆ ಎರಡನೆಯ ಬಟ್ಟಲನ್ನೂ ಕೇಳಿದೆವು. ಅಲ್ಲಿಯವರು ಆಡುವ ಸ್ವಾಹಿಲಿ ಭಾಷೆಯೂ ಅಷ್ಟು ದೂರದ್ದಲ್ಲ. ಅಂಗಡಿಗೆ ದುಕಾ, ಬಂಡಿಗೆ ಗಾರಿ, ಹಣಕ್ಕೆ ಪೆಸಾ, ಲಕ್ಷಕ್ಕೆ ಲಾಕಿ.

ಆದರೆ ಆ ಭಾಷೆಯಲ್ಲಿ ಗಂಟೆ ಹೇಳುವ ಸಾಹಸಕ್ಕೆ ಹೋಗಿ ನಾನು ಒಂದು ಮಧ್ಯಾಹ್ನವನ್ನೇ ಕಳೆದುಕೊಂಡೆ. ಎರಡು ಗಂಟೆಗೆ ಬಾ ಎಂದು ಟುಕ್‌ಟುಕ್ ಚಾಲಕನಿಗೆ ಹೆಮ್ಮೆಯಿಂದ ‘ಸಾ ಂಬಿಲಿ’ ಎಂದಿದ್ದೆ. ಕಾದು ಕಾದು ಸುಸ್ತಾಗಿ, ಅವನನ್ನು ಬೈದುಕೊಂಡು ಕೋಣೆಗೆ ಮರಳಿದ್ದಾಯಿತು. ರಾತ್ರಿ ಸರಿಯಾಗಿ ಎಂಟಕ್ಕೆ ಅವನು ಬಾಗಿಲಲ್ಲಿ ಹಾಜರಾಗಿದ್ದ. ಸ್ವಾಹಿಲಿಯಲ್ಲಿ ಗಂಟೆಗಳ ಎಣಿಕೆ ಆರಕ್ಕೆ ಆರಂಭವಾಗುತ್ತದೆ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗ ಮನೆಯಲ್ಲಿರುವ ನನಗೆ ಇದು ಹೊಳೆಯಬೇಕಿತ್ತು. ಸಮಯವನ್ನು ಇಂಗ್ಲಿಷಿನಲ್ಲೇ ಹೇಳಿ, ಬೆಳಗ್ಗೆಯೋ ರಾತ್ರಿಯೋ ಎಂಬುದನ್ನೂ ಸೇರಿಸಿ.

ಹಾಗೆ ತಪ್ಪಿಹೋಗಿದ್ದು ಬಂಬುರಿಯ ಹ್ಯಾಲರ್ ಪಾರ್ಕ್. ಮರುದಿನ ಹೋದೆವು. ಸಿಮೆಂಟ್ ಕಾರ್ಖಾನೆಗಾಗಿ ಹವಳದ ಕಲ್ಲು ತೆಗೆದು ಬೋಳಾಗಿದ್ದ ಗಣಿಯಲ್ಲಿ ರೆನೆ ಹ್ಯಾಲರ್ 1971ರಲ್ಲಿ ಗಾಳಿಮರಗಳನ್ನು ನೆಡಲು ಆರಂಭಿಸಿದರು. ಉದುರಿದ ಎಲೆ ಕೊಳೆಯದೆ ಉಳಿದಾಗ, ಅದನ್ನು ತಿಂದು ಮಣ್ಣಾಗಿಸಲು ಸಹಸ್ರಪದಿಗಳನ್ನು, ಅಂದರೆ ನಮ್ಮ ಕಡೆ ಚೋರಟೆ ಎನ್ನುವ ಹುಳುಗಳನ್ನು ತಂದು ಬಿಟ್ಟರು. ಇಂದು ಅಲ್ಲಿ ಜಿರಾಫೆಗಳು ಸಂದರ್ಶಕರ ಅಂಗೈಯಿಂದಲೇ ಆಹಾರ ತಿನ್ನುತ್ತವೆ. ಅದಕ್ಕೆ ನಿಗದಿತ ವೇಳೆಯಿದೆ, ಮೊದಲೇ ವಿಚಾರಿಸಿಕೊಂಡು ಹೋಗಿ.

ಮೋಯಿ ಅವೆನ್ಯೂ ರಸ್ತೆಯ ಮೇಲೆ ಕಮಾನಿನಂತೆ ನಿಂತಿರುವ ದೊಡ್ಡ ಆನೆದಂತಗಳು ಎಲ್ಲ ಅಂಚೆಚಿತ್ರಗಳಲ್ಲೂ ಇವೆ. ಅವು ಲೋಹದವು, ದಾರಿಯಲ್ಲಿ ಸಿಕ್ಕರೆ ನೋಡಿ, ಅದಕ್ಕೆಂದೇ ಹೋಗಬೇಡಿ. ಅದರ ಬದಲು ಬಿಳಿ ಅಮೃತಶಿಲೆಯ ಜೈನ ಮಂದಿರಕ್ಕೆ ಹೋಗಿ. ಮೂಡಬಿದಿರೆಯ ಬಸದಿಗಳನ್ನು ಕಂಡ ಕಣ್ಣಿಗೆ ಗುಜರಾತಿ ಶೈಲಿಯ ಈ ಶಿಖರ ಬೇರೆಯಾಗಿಯೇ ಕಾಣುತ್ತದೆ. ಚರ್ಮದ ಬೆಲ್ಟು, ಪರ್ಸುಗಳನ್ನು ಹೊರಗಿಟ್ಟು ಹೋಗಬೇಕು. 1896ರಲ್ಲಿ ಇದೇ ಬಂದರಿನಿಂದ ಒಳನಾಡಿಗೆ ರೈಲುಹಳಿ ಹಾಕಲು ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಗಳನ್ನು ತರಲಾಗಿತ್ತು, ಅವರಲ್ಲಿ ಸುಮಾರು 2,500 ಮಂದಿ ಕೆಲಸದಲ್ಲೇ ಸತ್ತರು. ಈಗಿನ ಆರಾಮದ ರೈಲಿನಲ್ಲಿ ಬಂದವರು ಅದನ್ನು ತಿಳಿದಿರುವುದು ಒಳ್ಳೆಯದು.

ದಕ್ಷಿಣದ ಡಯಾನಿ ಕಡಲತೀರಕ್ಕೆ ಹೋಗುವವರು ಲಿಕೋನಿ ಫೆರಿ ಹತ್ತಬಹುದು. ನಡೆದು ಹೋಗುವವರಿಗೆ ಅದು ಉಚಿತ. ಬೆಳಗ್ಗೆ ಮತ್ತು ಸಂಜೆ ಕೆಲಸಕ್ಕೆ ಹೋಗಿಬರುವವರ ನೂಕುನುಗ್ಗಲು ವಿಪರೀತ, ಜೇಬು ಭದ್ರವಾಗಿರಲಿ. ಫೆರಿಯಲ್ಲಿ ಚಿತ್ರ ತೆಗೆಯುವಂತಿಲ್ಲ.

ಉಡುಗೊರೆಗೆ ಬಿಯಾಶಾರಾ ಬೀದಿಯ ಕಂಗಾ ಬಟ್ಟೆಗಿಂತ ಒಳ್ಳೆಯದು ನನಗೆ ಕಾಣಲಿಲ್ಲ. ಪ್ರತಿ ಕಂಗಾದ ಅಂಚಿನ ಬಳಿ ಸ್ವಾಹಿಲಿಯಲ್ಲಿ ಒಂದು ಮಾತು ಅಚ್ಚಾಗಿರುತ್ತದೆ. ಕೊಳ್ಳುವ ಮುನ್ನ ಅದರ ಅರ್ಥ ಕೇಳಿಕೊಳ್ಳಿ, ಏಕೆಂದರೆ ಕೆಲವು ಹಾರೈಕೆಗಳಾದರೆ ಕೆಲವು ನೆರೆಮನೆಯವರನ್ನು ಚುಚ್ಚುವ ಮಾತುಗಳು. ನನ್ನ ಹೆಂಡತಿ ಬಣ್ಣ ನೋಡಿ ಆರಿಸಿದ್ದನ್ನು ಅಂಗಡಿಯಾಕೆ ಕೈಯಿಂದ ಕಸಿದುಕೊಂಡು, ಇದನ್ನು ಅತ್ತೆಗೆ ಮಾತ್ರ ಕೊಡಬೇಡಿ ಎಂದು ಬೇರೊಂದನ್ನು ತೆಗೆದಿಟ್ಟಳು. ಬಟ್ಟೆ ಜೋಡಿಯಾಗಿಯೇ ಬರುತ್ತದೆ. ಕತ್ತರಿಸಿ ಅಂಚು ಹೊಲಿದುಕೊಡುವ ದರ್ಜಿಗಳು ಅದೇ ಬೀದಿಯಲ್ಲಿ ಕೂತಿರುತ್ತಾರೆ.