ಹೊಟ್ಟೆನೋವು ಅಂತ ಬರುವ ಮಕ್ಕಳು

ನಾನು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿ. ಬಾಗಿಲ ಮೇಲೆ 'ಸ್ನೇಹ ಕ್ಲಿನಿಕ್' ಅಂತ ಬೋರ್ಡ್ ಇದೆ. ಹತ್ತರಿಂದ ಹತ್ತೊಂಬತ್ತು ವರ್ಷದ ಮಕ್ಕಳು ಯಾರು ಬೇಕಾದರೂ ಬರಬಹುದು, ದುಡ್ಡು ಕೊಡಬೇಕಿಲ್ಲ. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಈ ಕ್ಲಿನಿಕ್‌ಗಳು ನಡೆಯುತ್ತವೆ. ಊಟ, ಮುಟ್ಟು, ಮನಸ್ಸು, ಚಟ, ಹೊಡೆತ ಬಡಿತ, ಸಕ್ಕರೆ ಕಾಯಿಲೆಯಂಥ ರೋಗಗಳು, ಎಲ್ಲವೂ ಇದರೊಳಗೆ ಬರುತ್ತವೆ.

ಸಂಬಂಧಿಕರು ಸಿಕ್ಕಾಗ ಕೇಳುತ್ತಾರೆ, 'ನೀನೇನು ನರ್ಸಾ, ಟೀಚರಾ?' ಎರಡೂ ಅಲ್ಲ. ನಾನು ಕೂತು ಕೇಳಿಸಿಕೊಳ್ಳುವವಳು. ಅದಕ್ಕೇನು ಸಂಬಳ ಅಂತ ಅನ್ನಿಸಬಹುದು. ಈ ಕೆಲಸ ಒಳಗೆ ಹೇಗೆ ನಡೆಯುತ್ತದೆ ಅಂತ ಒಮ್ಮೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮಕ್ಕಳ ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ.

ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲು ಹೇಳುವುದು ಒಂದೇ ಮಾತು. 'ಹೊಟ್ಟಿ ನೋಯಾಕತ್ತೈತ್ರೀ.' ಹೊಟ್ಟೆನೋವಿಗೆ ಯಾರೂ ಬೈಯುವುದಿಲ್ಲ. ಮನೆಯಲ್ಲೂ ಕಳಿಸುತ್ತಾರೆ, ಶಾಲೆಯಲ್ಲೂ ಕಳಿಸುತ್ತಾರೆ. ಹಾಗಾಗಿ ಬೇರೆ ಏನೇ ಇದ್ದರೂ ಅದು ಹೊಟ್ಟೆನೋವಾಗಿಯೇ ಬರುತ್ತದೆ. ನಾನು ಯಾವತ್ತೂ 'ನಿಜ ಹೇಳು' ಅನ್ನುವುದಿಲ್ಲ. ಹೊಟ್ಟೆಯ ಬಗ್ಗೆಯೇ ಕೇಳುತ್ತೇನೆ. ಬೆಳಿಗ್ಗೆ ಏನು ತಿಂದೆ, ಎಷ್ಟೊತ್ತಿಗೆ ಮಲಗಿದೆ, ಮುಟ್ಟು ಯಾವಾಗ ಆಯಿತು. ಆಗ ಉಳಿದದ್ದು ತಾನಾಗಿ ಬರುತ್ತದೆ. ಕೆಲವರದು ಅವತ್ತೇ ಬರುತ್ತದೆ. ಕೆಲವರು ಅವತ್ತು ಸುಮ್ನೆ ಹೋಗಿ, ತಿಂಗಳಾದ ಮೇಲೆ ಮತ್ತೆ 'ಹೊಟ್ಟೆನೋವು' ಅಂತ ಬರುತ್ತಾರೆ.

ಮೊದಲು ನನ್ನ ಕೋಣೆ ಎಚ್‌ಐವಿ ಪರೀಕ್ಷೆ ಮಾಡುವ ಐಸಿಟಿಸಿ ಕೋಣೆಯ ಎದುರಿಗಿತ್ತು. ಎರಡು ಕೋಣೆಗೂ ಒಂದೇ ಬೆಂಚು. ಹದಿನಾರರ ಹುಡುಗಿಯೊಬ್ಬಳು ಆ ಬೆಂಚಿನ ಮೇಲೆ ಹತ್ತು ನಿಮಿಷ ಕೂತರೆ ಸಾಕು, ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು. ನಮ್ಮದು ಸಣ್ಣ ಊರು. ಔಷಧಿ ಚೀಟಿಗೆ ನಿಂತವರಲ್ಲಿ ಒಬ್ಬರಾದರೂ ಅವಳ ಓಣಿಯವರು ಇದ್ದೇ ಇರುತ್ತಾರೆ. ಕೋಣೆ ಬದಲಿಸಿ ಅಂತ ಕೇಳಿ ಕೇಳಿ, ಕೊನೆಗೆ ಲಸಿಕೆ ಹಾಕುವ ಕಡೆಗೆ ಒಂದು ಕೋಣೆ ಸಿಕ್ಕಿತು. ಅಲ್ಲಿ ತಾಯಂದಿರು, ಕೂಸುಗಳು, ಗದ್ದಲ. ಅದರ ನಡುವೆ ಒಬ್ಬ ಹುಡುಗಿ ಒಳಗೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಬರುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಯಿತು. ಹೊಸ ಔಷಧಿಯಿಲ್ಲ, ಹೊಸ ಯೋಜನೆಯಿಲ್ಲ, ಬಾಗಿಲು ಬೇರೆ ಕಡೆ ತೆರೆಯಿತು ಅಷ್ಟೇ. ಮಕ್ಕಳ ಆರೋಗ್ಯದ ಬಗ್ಗೆ ಮೀಟಿಂಗ್‌ನಲ್ಲಿ ಮಾತಾಡುವಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ. ಹೇಳಿದ ಮಾತು ತನಗಿಂತ ಮೊದಲು ಮನೆ ಸೇರುತ್ತದೆ ಅನ್ನುವ ಹೆದರಿಕೆ ಇದ್ದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗುವಿಗೆ ಯಾವ ಯೋಜನೆಯೂ ಮುಟ್ಟುವುದಿಲ್ಲ.

ರಕ್ತಹೀನತೆಯ ವಿಷಯದಲ್ಲೂ ಇದೇ ಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ. ಹುಡುಗರಲ್ಲೂ 31 ಮಂದಿಗೆ. ಇದಕ್ಕೆ ಅಂತಲೇ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಸಿಡ್. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಜಂತುಹುಳದ ಮಾತ್ರೆ ಬೇರೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ.

ಒಂದು ಶಾಲೆಗೆ ಹೋಗಿದ್ದೆ. ರಾತ್ರಿ ಮಳೆ ಬಿದ್ದಿತ್ತು. ಒಂಬತ್ತನೇ ತರಗತಿಯ ಕಿಟಕಿ ಹಿಂದೆ, ಗೋಡೆಯ ಬುಡದಲ್ಲಿ ಮಣ್ಣೆಲ್ಲ ಅಲ್ಲಲ್ಲಿ ನೀಲಿ. ಬಗ್ಗಿ ನೋಡಿದರೆ ಅರ್ಧ ಕರಗಿದ ಮಾತ್ರೆಗಳು. ರಿಜಿಸ್ಟರ್‌ನಲ್ಲಿ ಎಲ್ಲರ ಹೆಸರಿನ ಮುಂದೆ ಟಿಕ್ ಇತ್ತು. ನಾನು ಯಾರಿಗೂ ಏನೂ ಅನ್ನಲಿಲ್ಲ. ಹುಡುಗಿಯರನ್ನು ಕೂರಿಸಿಕೊಂಡು ಬೇರೆ ಬೇರೆ ಮಾತಾಡಿದೆ. ನಿಧಾನಕ್ಕೆ ಒಬ್ಬೊಬ್ಬರೇ ಹೇಳಿದರು. ವಾಕರಿಕೆ ಬರುತ್ತದೆ. ಸಂಡಾಸು ಕಪ್ಪಗೆ ಹೋಗುತ್ತದೆ, ಹೆದರಿಕೆ ಆಗುತ್ತದೆ. ಒಬ್ಬಳ ಅಜ್ಜಿ ಹೇಳಿದ್ದರಂತೆ, ಅದು ಮಕ್ಕಳಾಗದ ಮಾತ್ರೆ, ಸರ್ಕಾರದವರು ಸುಮ್ನೆ ಕೊಡುತ್ತಾರೇನು ಅಂತ. ಅಜ್ಜಿಯ ಮಾತಿಗೆ ನಗುವ ಹಾಗಿಲ್ಲ. ಕಾರಣ ಹೇಳದೆ ಕೈಯಲ್ಲಿ ಮಾತ್ರೆ ಇಟ್ಟು 'ನುಂಗು' ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವುದು ಹೌದು. ಬಿಸಿಯೂಟ ಆದ ಮೇಲೆ ತಗೊಂಡರೆ ಅಷ್ಟು ಬರುವುದಿಲ್ಲ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಮಲ ಕಪ್ಪಾಗುತ್ತದೆ, ಅದರಿಂದ ತೊಂದರೆ ಇಲ್ಲ. ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಊಟಕ್ಕೆ ಲಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ಇಷ್ಟು ಹೇಳಲು ಅರ್ಧ ಗಂಟೆ ಸಾಕು. ಆ ಶಾಲೆಯ ಗಣಿತದ ಮೇಡಂ ಮುಂದಿನ ವಾರ ಮಕ್ಕಳ ಎದುರಿಗೆ ತಾವೂ ಒಂದು ಮಾತ್ರೆ ನುಂಗಿದರು. ಶಿಕ್ಷಕರೂ ತಗೊಳ್ಳಬೇಕು ಅಂತ ಕಾರ್ಯಕ್ರಮದ ಸೂಚನೆಯಲ್ಲೇ ಇದೆ. ಆದರೆ ಪಾಲಿಸುವವರು ಕಡಿಮೆ. ಆ ಮೇಡಂಗೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಈಗ ಕಿಟಕಿ ಹಿಂದೆ ನೀಲಿ ಬಣ್ಣ ಇಲ್ಲ.

ಮಾತ್ರೆಯಿಂದ ಮಾತ್ರ ಆಗದ ಕಡೆಯೂ ಇದೆ. ನಮ್ಮ ಕಡೆ ಹೈಬ್ರಿಡ್ ಹತ್ತಿ ಬೀಜ ಬೆಳೆಯುತ್ತಾರೆ. ಅದಕ್ಕೆ 'ಕ್ರಾಸಿಂಗ್' ಕೆಲಸ ಇರುತ್ತದೆ. ಸಂಜೆ ಹೊತ್ತು ಮರುದಿನ ಅರಳುವ ಮೊಗ್ಗು ಹುಡುಕಿ, ಅದರ ಗಂಡು ಭಾಗವನ್ನು ಉಗುರಿನಿಂದ ಬಿಡಿಸಿ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಪರಾಗ ಸವರಬೇಕು. ಒಂದೊಂದೇ ಹೂವು. ಗಿಡದ ಎತ್ತರಕ್ಕೆ ಹುಡುಗಿಯರು ಸರಿ ಹೊಂದುತ್ತಾರೆ, ಬೆರಳು ಸಣ್ಣ, ಕೂಲಿಯೂ ಕಡಿಮೆ. ಹಾಗಾಗಿ ಸೀಜನ್ ಬಂತೆಂದರೆ ಎಂಟು, ಒಂಬತ್ತು, ಹತ್ತನೇ ತರಗತಿಯ ಬೆಂಚು ಖಾಲಿ.

ಅಂಥ ಒಬ್ಬಳನ್ನು ಊರಿನ ಆಶಾ ಕಾರ್ಯಕರ್ತೆ ಕರೆದುಕೊಂಡು ಬಂದರು. ಅವಳದೂ ಹೊಟ್ಟೆನೋವೇ. ಅಂಗೈ ಮುಂದೆ ಮಾಡಿದಳು, ರೇಖೆಗಳಲ್ಲಿ ಕೆಂಪೇ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಮೊಗ್ಗು ಬಿಡಿಸಿ ಬಿಡಿಸಿ. ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 7ರ ಹತ್ತಿರ. ಅವಳ ವಯಸ್ಸಿಗೆ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ ಅಂತ ಲೆಕ್ಕ. ಬೆಳಿಗ್ಗೆ ಆರಕ್ಕೆ ಹೊಲ. ಚಹಾ ಕುಡಿದು ಹೋದರೆ ರೊಟ್ಟಿ ಮಧ್ಯಾಹ್ನವೇ. ಮುಟ್ಟಾದಾಗ ರಕ್ತ ಜಾಸ್ತಿ ಹೋಗುತ್ತದೆ, ಹೊಲದಲ್ಲಿ ಮರೆ ಇಲ್ಲ. ಬಟ್ಟೆ ಬದಲಿಸುವುದು ಕತ್ತಲಾದ ಮೇಲೆ. ನೀರು ಕುಡಿದರೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯುತ್ತಿರಲಿಲ್ಲ.

ಡಾಕ್ಟರು ದಾಖಲು ಮಾಡಿಕೊಂಡು ಚಿಕಿತ್ಸೆ ಕೊಟ್ಟರು. ಅವಳ ಅಪ್ಪ ಬಂದರು. ಒಳ್ಳೆಯ ಮನುಷ್ಯ, ಮಗಳ ತಲೆ ಸವರುತ್ತಲೇ ಮಾತಾಡಿದರು. 'ಸೀಜನ್ ಮುಗೀಲಿ ತಡೀರಿ ಮೇಡಂ. ಮುಂಗಡ ತಗೊಂಡೀವಿ' ಅಂದರು. ಆ ಮಾತಿಗೆ ನನ್ನ ಹತ್ತಿರ ಮಾತ್ರೆ ಇಲ್ಲ. ಆದರೆ ಸುಮ್ಮನೆ ಕೂರಲಿಲ್ಲ. ಶಾಲೆಯ ಹೆಡ್‌ಮಾಸ್ಟರ್, ಅಂಗನವಾಡಿ ಟೀಚರ್, ಪಂಚಾಯ್ತಿ ಸದಸ್ಯೆ ಎಲ್ಲರೂ ಸೇರಿ ಮನೆಗೆ ಹೋದೆವು. ಅವ್ವ ಕೆಲಸಕ್ಕೆ ಹೋಗುವುದು, ಮಗಳು ಶಾಲೆಗೆ ಅಂತ ಮಾತಾಯಿತು. ಅವ್ವನ ಎಚ್‌ಬಿ ಕೂಡ ನೋಡಿ ಅಂತ ಆಶಾ ಅಕ್ಕನಿಗೆ ಹೇಳಿಯೇ ಬಂದೆ. ಒಬ್ಬರ ಭಾರ ತೆಗೆದು ಇನ್ನೊಬ್ಬರ ಮೇಲೆ ಹಾಕುವ ಈ ಲೆಕ್ಕ ನನಗೆ ಇವತ್ತಿಗೂ ನೆಮ್ಮದಿ ಕೊಟ್ಟಿಲ್ಲ. ಹುಡುಗಿ ಹತ್ತನೇ ತರಗತಿ ಪರೀಕ್ಷೆ ಬರೆದಳು.

ಹುಡುಗರು ನನ್ನ ಕೋಣೆಗೆ ಬರುವುದು ಅಪರೂಪ. ನಾವೇ ಹೋಗಬೇಕು. ಪಿಯು ಕಾಲೇಜು, ಐಟಿಐ, ಗರಡಿಮನೆ. ತಂಬಾಕಿನ ಬಗ್ಗೆ ಭಾಷಣ ಮಾಡಿದರೆ ಹಿಂದಿನ ಬೆಂಚಿನವರು ಫೋನು ತೆಗೆಯುತ್ತಾರೆ. ಹಾಗಾಗಿ ನಮ್ಮ ದಂತ ವೈದ್ಯರು ಒಂದು ಕೆಲಸ ಮಾಡುತ್ತಾರೆ. ಎಲ್ಲರಿಗೂ ಮೂರು ಬೆರಳು ಜೋಡಿಸಿ, ಉದ್ದಕ್ಕೆ ನಿಲ್ಲಿಸಿ, ಹಲ್ಲಿನ ನಡುವೆ ಇಟ್ಟುಕೊಳ್ಳಿ ಅನ್ನುತ್ತಾರೆ. ಮೊದಲು ಎಲ್ಲ ನಗುತ್ತಾರೆ. ಆಮೇಲೆ ಇಬ್ಬರೋ ಮೂವರೋ ನಗು ನಿಲ್ಲಿಸುತ್ತಾರೆ. ಅವರಿಗೆ ಎರಡೇ ಬೆರಳು ಹಿಡಿಯುತ್ತದೆ. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಚರ್ಮ ಬಿಗಿದುಕೊಂಡಿರುತ್ತದೆ. ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ ಅದು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಗಿದೆ. ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಸಿಗುತ್ತದೆ. ಬೆರೆಸಿಕೊಂಡರೆ ಮುಗಿಯಿತು. ಶಾಲೆಯಿಂದ ನೂರು ಗಜದೊಳಗೆ ಮಾರಬಾರದು ಅಂತ 2003ರ ಕಾನೂನು ಹೇಳುತ್ತದೆ. ಎಷ್ಟು ಶಾಲೆಗಳ ಗೇಟಿನ ಎದುರು ಅಂಗಡಿ ಇದೆ ಅಂತ ಓದುವವರಿಗೆ ನಾನು ಹೇಳಬೇಕಿಲ್ಲ. ಬೆರಳು ಹಿಡಿಯದ ಹುಡುಗರಲ್ಲಿ ಒಬ್ಬ ಅವತ್ತೇ ಸಂಜೆ ಆಸ್ಪತ್ರೆಗೆ ಬಂದ. ಒಬ್ಬನೇ. 'ಮೇಡಂ, ಯಾರಿಗೂ ಹೇಳಬ್ಯಾಡ್ರೀ' ಅಂತಲೇ ಮಾತು ಶುರು ಮಾಡಿದ.

ಯಾರಿಗೂ ಹೇಳಬೇಡಿ. ಈ ಮಾತಿಗೆ ನಾನು ಕಣ್ಣು ಮುಚ್ಚಿ ಹೂಂ ಅನ್ನುವುದಿಲ್ಲ. ಮೊದಲ ದಿನವೇ ಹೇಳಿಬಿಡುತ್ತೇನೆ. ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ಯಾರಾದರೂ ನಿನಗೆ ಕೇಡು ಮಾಡುತ್ತಿದ್ದರೆ, ಕಾನೂನು ಪ್ರಕಾರ ತಿಳಿಸಲೇಬೇಕಾದ ವಿಷಯ ಇದ್ದರೆ ಮಾತ್ರ ನಾನು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ. ಹಾಗೆ ಹೇಳುವ ಮೊದಲು ನಿನಗೆ ಹೇಳುತ್ತೇನೆ. ಇದನ್ನು ಕೇಳಿ ಎದ್ದು ಹೋದವರಿದ್ದಾರೆ. ಆದರೂ ಇದನ್ನು ಬಿಡಲಾರೆ. ಗುಟ್ಟು ಕಾಯುತ್ತೇನೆ ಅಂತ ಹೇಳಿ ಆಮೇಲೆ ಪೊಲೀಸರನ್ನು ಕರೆದರೆ ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ.

ಈ ಕಷ್ಟ ಜಾಸ್ತಿ ಬರುವುದು ಪ್ರೀತಿಯ ವಿಷಯದಲ್ಲಿ. ಹದಿನೆಂಟು ತುಂಬದ ಹುಡುಗಿ, ಅವಳಿಗಿಂತ ಒಂದೆರಡು ವರ್ಷ ದೊಡ್ಡ ಹುಡುಗ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಮುಂದೆ ಅವಳ ಒಪ್ಪಿಗೆಗೆ ಬೆಲೆ ಇಲ್ಲ. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ಅದರ ಹೆದರಿಕೆಗೆ ಗರ್ಭ ನಿಂತ ಹುಡುಗಿಯರು ಆಸ್ಪತ್ರೆಗೆ ಬರದೆ ಮೆಡಿಕಲ್ ಶಾಪ್‌ನ ಮಾತ್ರೆ ನುಂಗಿ ಜೀವಕ್ಕೆ ತಂದುಕೊಳ್ಳುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಮಾಹಿತಿ ಕೊಡುವಾಗ ವೈದ್ಯರು ಅವಳ ಗುರುತು ಬಿಟ್ಟುಕೊಡಬೇಕಿಲ್ಲ. ಇದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಹುಡುಗಿ ಓಡಿಹೋಗುತ್ತಾಳೆ ಅನ್ನುವ ಭಯಕ್ಕೆ ಮನೆಯವರು ಬೇಗ ಮದುವೆ ಮಾಡುವುದೂ ಇದೆ. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ನೂರು ಹೆಣ್ಣುಮಕ್ಕಳಲ್ಲಿ 21 ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆ ಆಗಿತ್ತು. ಮಾತಾಡಲು ಒಬ್ಬರು ಇದ್ದಿದ್ದರೆ ಅದರಲ್ಲಿ ಎಷ್ಟೋ ನಿಲ್ಲುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ನಾನು ರಜೆ ಹಾಕುವುದಿಲ್ಲ. ಫೇಲಾದರೆ ತೀರಾ ಕುಗ್ಗಿಹೋಗುವ ಮಕ್ಕಳ ಹೆಸರು ಶಿಕ್ಷಕರು ಮೊದಲೇ ಕೊಟ್ಟಿರುತ್ತಾರೆ. ಆ ಮನೆಗಳಿಗೆ ಅವತ್ತೇ ಫೋನ್ ಮಾಡುತ್ತೇನೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಒಂದು ಹೋದರೆ ಇನ್ನೊಂದು ಬರೆಯಬಹುದು ಅಂತ ಮಗುವಿಗಿಂತ ಮೊದಲು ಅಪ್ಪ ಅವ್ವಗೆ ಹೇಳುತ್ತೇನೆ. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗೋಡೆ ಮೇಲೆ ಬರೆದಿಟ್ಟುಕೊಳ್ಳಿ ಅನ್ನುತ್ತೇನೆ. 2022ರಿಂದ ನಡೆಯುತ್ತಿದೆ, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮದೆಲ್ಲ ಗುತ್ತಿಗೆ ಕೆಲಸ. ವರ್ಷ ವರ್ಷ ನವೀಕರಣ ಆಗಬೇಕು. ಒಂದು ಮಗು ಎರಡನೇ ಸಲ ಬಂದಾಗ ಅದೇ ಮುಖ ಇರಬೇಕು, ಇದು ನನ್ನ ಸಂಬಳಕ್ಕಿಂತ ದೊಡ್ಡ ಮಾತು. ಸಮಾಲೋಚಕರನ್ನು ಡೇಟಾ ಎಂಟ್ರಿಗೆ ಕೂರಿಸಿದ ದಿನ ಬಾಗಿಲಿಗೆ ಬಂದು ತಿರುಗಿ ಹೋದ ಮಗು ಯಾವ ವರದಿಯಲ್ಲೂ ಕಾಣುವುದಿಲ್ಲ.

ಶಿಕ್ಷಕರು ಓದುತ್ತಿದ್ದರೆ ಒಂದು ಕೋರಿಕೆ. ಮಗುವನ್ನು ನಮ್ಮ ಹತ್ತಿರ ಕಳಿಸುವಾಗ ಚೀಟಿಯಲ್ಲಿ ಕಾರಣ ಬರೆಯಬೇಡಿ, ಆ ಚೀಟಿ ದಾರಿಯಲ್ಲಿ ಎಷ್ಟೋ ಕೈ ದಾಟುತ್ತದೆ. 'ಹೊಟ್ಟೆನೋವು' ಅಂತ ಬರೆದು ಕಳಿಸಿ, ಸಾಕು. ಮನೆಯವರು ಜೊತೆಗೆ ಬಂದರೆ ಬಹಳ ಸಂತೋಷ. ಸ್ವಲ್ಪ ಹೊತ್ತು ಹೊರಗೆ ಕೂರಿ, ಆಮೇಲೆ ನಾನೇ ಕರೆಯುತ್ತೇನೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ ಅಂತ ಈ ವಾರ ಒಮ್ಮೆ ಕೇಳಿ ನೋಡಿ.