ತೋಟದ ಇನ್‌ಚಾರ್ಜ್ ಅಂದರೆ ರಿಜಿಸ್ಟರ್‌ಗೂ ಇನ್‌ಚಾರ್ಜ್

ವಿಶ್ವವಿದ್ಯಾಲಯದ ಬಟಾನಿಕಲ್ ಗಾರ್ಡನ್ ಚಾರ್ಜ್ ನನಗೆ ಬಂತು ಅಂತ ಗೊತ್ತಾಗಿದ್ದೇ ತಡ, ನೆಂಟರಲ್ಲಿ ಅರ್ಧ ಜನ ಎರಡೆರಡು ಗುಲಾಬಿ ಗಿಡಕ್ಕೆ ಬುಕಿಂಗ್ ಮಾಡಿಬಿಟ್ಟರು. ನಮ್ಮಲ್ಲಿ ಗುಲಾಬಿ ಇಲ್ಲ. ಹುಲ್ಲುಹಾಸಿಲ್ಲ, ಕಾರಂಜಿ ಇಲ್ಲ. ಇರುವುದರಲ್ಲಿ ಸುಮಾರು ಗಿಡಗಳನ್ನು ನೀವು ತಿರುಗಿಯೂ ನೋಡುವುದಿಲ್ಲ. ಸೈಲೋಟಮ್ ಅಂತ ಒಂದಿದೆ, ಕುಂಡದಲ್ಲಿ ಯಾರೋ ಪೊರಕೆ ಕಡ್ಡಿ ಸಿಕ್ಕಿಸಿಟ್ಟ ಹಾಗೆ ಕಾಣುತ್ತೆ. ಬೇರೂ ಇಲ್ಲ, ಎಲೆ ಅಂತ ಹೇಳಿಕೊಳ್ಳುವಂಥದ್ದೂ ಇಲ್ಲ. ಅದು ಒಣಗಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಬೆಂಗಳೂರಲ್ಲಿ ಯಾವ ತೋಟ ಇದ್ದರೂ ಜನ ಲಾಲ್‌ಬಾಗ್ ಪಕ್ಕ ಇಟ್ಟು ನೋಡುತ್ತಾರೆ. 240 ಎಕರೆ, ಗಾಜಿನ ಮನೆ, ಜನವರಿ ಮತ್ತು ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ. ನಮ್ಮದು ಪಾಠದ ತೋಟ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು ಅಂದರೆ ಲ್ಯಾಬ್‌ನಿಂದ ಚೀಟಿ ಬರುತ್ತೆ. ತಾಳೆ ಥರ ಕಾಣುವ ಸೈಕಸ್‌ನ ಕೊರಲಾಯ್ಡ್ ಬೇರು (ಹವಳದ ಹಾಗೆ ಕವಲೊಡೆದಿರುತ್ತೆ) ಬೇಕು, ಗಂಟುಗಂಟು ಕಾಂಡದ ಈಕ್ವಿಸೀಟಮ್ ಬೇಕು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಟೇಬಲ್ ಮೇಲೆ ಇರಬೇಕು. ಆ ಸೈಕಸ್ ಬೇರನ್ನು ಬ್ಲೇಡಿನಲ್ಲಿ ತೆಳ್ಳಗೆ ಅಡ್ಡ ಕೊಯ್ದು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಒಳಗೆ ಒಂದು ಹಸಿರು ಉಂಗುರ ಕಾಣುತ್ತೆ. ಬೇರಿನೊಳಗೆ ಮನೆ ಮಾಡಿಕೊಂಡಿರುವ ನೀಲಿ-ಹಸಿರು ಪಾಚಿ ಅದು. ಪುಸ್ತಕದ ಚಿತ್ರ ಹತ್ತು ಸಲ ನೋಡಿದ ಹುಡುಗರೂ ಅದನ್ನು ನೋಡಿದಾಗ "ಅರೆ, ನಿಜವಾಗಲೂ ಇದೆಯಲ್ಲ" ಅನ್ನುತ್ತಾರೆ.

ಇದೇನು ಹೊಸ ಐಡಿಯಾ ಅಲ್ಲ. ಇಟಲಿಯ ಪೀಸಾ, ಪಾಡುವಾ ವಿಶ್ವವಿದ್ಯಾಲಯಗಳು 1540ರ ದಶಕದಲ್ಲೇ ಇಂಥ ತೋಟ ಮಾಡಿದವು. ವೈದ್ಯ ಕಲಿಯುವ ಹುಡುಗರು ಔಷಧಿ ಗಿಡವನ್ನು ಕಣ್ಣಾರೆ ನೋಡಿ ಗುರುತು ಹಿಡಿಯಲಿ ಅಂತ. ಪಾಡುವಾದ ತೋಟ ಶುರುವಾಗಿದ್ದು 1545ರಲ್ಲಿ, ಈಗಲೂ ಅದೇ ಜಾಗದಲ್ಲಿದೆ. ಅಲ್ಲಿ ರಾತ್ರಿ ಬಂದು ಗಿಡ ಕದಿಯುವವರ ಕಾಟ ಎಷ್ಟಿತ್ತು ಅಂದರೆ ಕೊನೆಗೆ ಸುತ್ತ ಗೋಡೆ ಕಟ್ಟಿಸಬೇಕಾಯಿತು. ಓದಿದಾಗ ನನಗೆ ಸಮಾಧಾನವೇ ಆಯಿತು!

ನಮ್ಮ ಕಳ್ಳರು ಪಂಚಾಂಗ ನೋಡಿಕೊಂಡು ಬರುತ್ತಾರೆ. ಶಿವರಾತ್ರಿ ಹಿಂದಿನ ದಿನ ಬಿಲ್ವಪತ್ರೆ, ಯುಗಾದಿಗೆ ಮಾವಿನೆಲೆ ಮತ್ತು ಬೇವಿನ ಹೂವು, ಗಣೇಶನ ಹಬ್ಬಕ್ಕೆ ಎಕ್ಕ, ದಸರಾಗೆ ಬನ್ನಿ, ತುಳಸಿ ಹಬ್ಬಕ್ಕೆ ನೆಲ್ಲಿ ಕೊಂಬೆ. ಎಲ್ಲ ವಾಕಿಂಗ್ ಬರುವ ಮರ್ಯಾದಸ್ತರೇ, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಕೇಳಿದರೆ "ದೇವರಿಗೆ ತಾನೇ ಮೇಡಂ" ಅನ್ನುತ್ತಾರೆ. ಜಗಳ ಆಡಿ ಪ್ರಯೋಜನ ಇಲ್ಲ. ಗೇಟಿನ ಪಕ್ಕದಲ್ಲೇ ಒಂದು ಸಾಲು ಬಿಲ್ವ, ನೆಲ್ಲಿ, ಎಕ್ಕ ನೆಡಿಸಿದೆವು. ಅವಕ್ಕೆ ನಂಬರ್ ಇಲ್ಲ, ಯಾರು ಬೇಕಾದರೂ ಕೀಳಬಹುದು. ಒಳಗಿನ ನಂಬರ್ ಇರುವ ಮರಗಳ ತಂಟೆಗೆ ಬರುವವರು ಈಗ ಬಹಳ ಕಡಿಮೆ. ಶ್ರೀಗಂಧದ ಕಳ್ಳರು ಬೇರೆ ಜಾತಿ, ಅವರಿಗೆ ಈ ಉಪಾಯ ನಡೆಯುವುದಿಲ್ಲ.

ಈ ನಂಬರ್ ವಿಷಯಕ್ಕೇ ಬರೋಣ, ನಾನು ಹೇಳಬೇಕು ಅಂದುಕೊಂಡಿದ್ದು ಅದೇ. ಬಟಾನಿಕಲ್ ಗಾರ್ಡನ್‌ಗೂ ಪಾರ್ಕಿಗೂ ಇರುವ ವ್ಯತ್ಯಾಸ ಗಿಡದಲ್ಲಿ ಇಲ್ಲ, ರಿಜಿಸ್ಟರ್‌ನಲ್ಲಿ ಇದೆ. ಒಂದು ಗಿಡ ತೋಟಕ್ಕೆ ಬಂದ ದಿನವೇ ಅದಕ್ಕೊಂದು ನಂಬರ್ ಬೀಳಬೇಕು. ಎಲ್ಲಿಂದ ಬಂತು, ಯಾರು ತಂದರು, ಬೀಜವೋ ಕಡ್ಡಿಯೋ ಸಸಿಯೋ, ಯಾವ ಪಾತಿಯಲ್ಲಿದೆ, ಎಲ್ಲ ಬರೆಯಬೇಕು. ಸತ್ತರೆ ಸತ್ತಿದ್ದನ್ನೂ ಬರೆಯಬೇಕು. ಒಂದೇ ಜಾತಿಯ ಎರಡು ಮರ ಇವೆ ಅಂದುಕೊಳ್ಳಿ. ಒಂದು ನರ್ಸರಿಯಲ್ಲಿ ದುಡ್ಡು ಕೊಟ್ಟು ತಂದಿದ್ದು, ಇನ್ನೊಂದು ಘಟ್ಟದ ಇಂಥ ಕಾಡಿನ ಇಂಥ ಹಳ್ಳದ ಪಕ್ಕ ಆರಿಸಿದ ಬೀಜದಿಂದ ಬಂದಿದ್ದು. ನೋಡೋಕೆ ಎರಡೂ ಒಂದೇ. ಸಂಶೋಧನೆ ಮಾಡುವವರಿಗೆ ಬೇಕಾಗುವುದು ಎರಡನೆಯದು. ಆದರೆ ಅದು ಎರಡನೆಯದು ಅಂತ ಬರೆದಿಟ್ಟಿದ್ದರೆ ಮಾತ್ರ! ಪಾಡುವಾದಲ್ಲಿ 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಮರ ಇವತ್ತಿಗೂ ಬದುಕಿದೆ. ಅದು 1585ರದ್ದು ಅಂತ ನಾವು ಇಷ್ಟು ಧೈರ್ಯವಾಗಿ ಹೇಳುವುದು ಯಾರೋ ಬರೆದಿಟ್ಟಿದ್ದರಿಂದ ತಾನೇ?

ನಮ್ಮ ರಿಜಿಸ್ಟರ್ ಕಥೆ ಕೇಳಬೇಡಿ. ಮೊದಲ ಪುಟಗಳು ಮುತ್ತಿನಂಥ ಅಕ್ಷರ. ಆಮೇಲೆ ಕೈ ಬದಲಾಗುತ್ತೆ, ಆಮೇಲೆ ಇಂಕು ಬದಲಾಗುತ್ತೆ, ಆಮೇಲೆ ಪುಟಗಟ್ಟಲೆ ಖಾಲಿ. ಕಾರಣ ಸುಲಭ. ವಿಶ್ವವಿದ್ಯಾಲಯದಲ್ಲಿ ಇನ್‌ಚಾರ್ಜ್ ಅನ್ನೋದು ಸರದಿ ಪ್ರಕಾರ ಬರುವ ಕೆಲಸ, ಪಾಠ ಮಾಡಿಕೊಂಡೇ ಮಾಡಬೇಕು, ಮತ್ತು ಪ್ರತಿಯೊಬ್ಬರಿಗೂ ತಮ್ಮ ಕಾಲದಲ್ಲಿ ಏನಾದರೂ ಕಣ್ಣಿಗೆ ಕಾಣುವ ಹಾಗೆ ಮಾಡಬೇಕು ಅನ್ನೋ ಆಸೆ. ಒಬ್ಬರ ಕಾಲದಲ್ಲಿ ಕ್ರೋಟನ್ ಬಂತು. ಒಬ್ಬರ ಕಾಲದಲ್ಲಿ ನಕ್ಷತ್ರವನ. ನಕ್ಷತ್ರವನವನ್ನು ನಾನೇನೂ ಬೈಯುವುದಿಲ್ಲ, 27 ಮರ ಒಂದೇ ಕಡೆ ಸಿಗುತ್ತವೆ, ಜನ ತಮ್ಮ ನಕ್ಷತ್ರದ ಮರ ಹುಡುಕಿಕೊಂಡು ಬಂದು ಕನಿಷ್ಠ ಒಂದು ಮರದ ಹೆಸರಾದರೂ ಕಲಿತು ಹೋಗುತ್ತಾರೆ. ಆದರೆ ಬೋರ್ಡಿನಲ್ಲಿ ನಕ್ಷತ್ರ, ರಾಶಿ ಎಲ್ಲ ಇದೆ. ಮರ ಎಲ್ಲಿಂದ ಬಂತು ಅನ್ನೋದೊಂದು ಇಲ್ಲ. ಲಾಲ್‌ಬಾಗ್‌ನಲ್ಲಿ ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಸೂಪರಿಂಟೆಂಡೆಂಟ್ ಆಗಿದ್ದರು. ತೋಟದಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿ ಅಚ್ಚು ಹಾಕಿಸಿದರು. ಅಷ್ಟು ವರ್ಷ ಒಬ್ಬರೇ ಇರೋದು ಈಗ ಎಲ್ಲೂ ಆಗದ ಮಾತು. ಹಾಗಾಗಿಯೇ ರಿಜಿಸ್ಟರ್ ಇನ್ನೂ ಜಾಸ್ತಿ ಬೇಕು ಅಂತ ನನ್ನ ವಾದ.

ಖಾಲಿ ಪುಟಗಳನ್ನು ತುಂಬಿಸೋಕೆ ನನಗಿದ್ದ ದಾರಿ ಒಂದೇ, ನಮ್ಮ ಹಿರಿಯ ಮಾಲಿ. ಎಲ್ಲರೂ ಅವರನ್ನು ಯಜಮಾನ್ರು ಅಂತಲೇ ಕರೆಯುತ್ತಾರೆ. ನಾನು ಪುಸ್ತಕ ಹಿಡಿದುಕೊಂಡು ಅವರ ಹಿಂದೆ ಒಂದೊಂದೇ ಪಾತಿ ಸುತ್ತಿದೆ. ಕೆಂಪು ಚಿಗುರು ಜೋತಾಡುತ್ತಿದ್ದ ಒಂದು ನಾಗಸಂಪಿಗೆ ಮುಂದೆ ನಿಂತರು. "ಇದು ಆಗುಂಬೆದು ಮೇಡಂ. ಟೂರ್ ಹೋಗಿದ್ದಾಗ ಮೇಷ್ಟ್ರು ಬಸ್ಸಿನ ಡಿಕ್ಕೀಲಿ ತಂದಿದ್ದು." ಯಾವ ವರ್ಷ ಅಂದೆ. "ನಮ್ಮ ದೊಡ್ಡ ಮಗಳ ಮದುವೆ ಆದ ವರ್ಷ." ಮದುವೆ ಯಾವಾಗ ಆಯಿತು ಅಂತ ಮನೆಗೆ ಫೋನ್ ಮಾಡಿ ಕೇಳಿದರು. ಆ ವರ್ಷದ ಟೂರ್ ಫೈಲ್ ಆಫೀಸಿನ ಬೀರುವಿನಲ್ಲಿ ಸಿಕ್ಕಿತು, ಆಗುಂಬೆಗೆ ಹೋಗಿದ್ದು ನಿಜ, ಬಸ್ ಬಾಡಿಗೆ ರಸೀದಿ ಸಮೇತ ಇತ್ತು. ರಿಜಿಸ್ಟರ್‌ನಲ್ಲಿ ಬರೆದೆ, ಪಕ್ಕದಲ್ಲಿ "ಮಾಲಿಯ ನೆನಪು, ಟೂರ್ ಫೈಲ್‌ನಲ್ಲಿ ಖಚಿತ" ಅಂತಲೂ ಬರೆದೆ. ಹೀಗೆ ಖಚಿತ ಆಗದವು ಬೇಕಾದಷ್ಟಿವೆ. ಅವುಗಳ ಮುಂದೆ ನೆನಪು ಅಂತ ಮಾತ್ರ ಇದೆ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡಿರುವ ಈ ಮನುಷ್ಯ ಕಡತದಲ್ಲಿ "ಅಕುಶಲ ಕಾರ್ಮಿಕ". ಹೊರಗುತ್ತಿಗೆ ನೌಕರ. ಟೆಂಡರ್ ಬದಲಾದರೆ ಏಜೆನ್ಸಿ ಬದಲಾಗುತ್ತೆ, ಏಜೆನ್ಸಿ ಬದಲಾದರೆ ಅವರು ತಮ್ಮ ಜನರನ್ನು ಕಳಿಸುತ್ತಾರೆ. ಒಂದು ಸಲ ಹಾಗೇ ಆಯಿತು. ಬಂದ ಹುಡುಗ ಒಳ್ಳೆಯವನೇ, ಶ್ರದ್ಧೆಯಿಂದ ಕೆಲಸ ಮಾಡಿದ. ನರ್ಸರಿಯಲ್ಲಿ ಶ್ರೀಗಂಧದ ಸಸಿಗಳಿದ್ದವು. ಒಂದೊಂದು ಕವರಿನಲ್ಲೂ ಗಂಧದ ಸಸಿ ಪಕ್ಕ ಒಂದು ತೊಗರಿ ಸಸಿ. ಒಂದು ಕವರಿಗೆ ಎರಡು ಗಿಡ ಯಾಕೆ, ಯಾರೋ ಸರಿಯಾಗಿ ಕಳೆ ತೆಗೆದಿಲ್ಲ ಅಂದುಕೊಂಡು ತೊಗರಿಯನ್ನೆಲ್ಲ ಕಿತ್ತು ನೀಟಾಗಿ ಮಾಡಿಟ್ಟ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಅದರಿಂದ ನೀರು, ಲವಣ ಹೀರುತ್ತೆ. ಎಳೆ ಸಸಿಗೆ ಆ ಆಸರೆ ಇಲ್ಲದಿದ್ದರೆ ಕಷ್ಟ. ಎಲೆ ಹಳದಿಗೆ ತಿರುಗಿ ಒಂದೊಂದಾಗಿ ಹೋದವು. ಹುಡುಗನನ್ನು ಬೈದು ಏನು ಮಾಡೋದು, ಅವನಿಗೆ ಹೇಳಬೇಕಾದವರನ್ನೇ ನಾವು ಮನೆಗೆ ಕಳಿಸಿದ್ದೆವಲ್ಲ.

ಯಜಮಾನ್ರನ್ನು ವಾಪಸ್ ಕರೆಸಿಕೊಳ್ಳೋಕೆ ನಾನು ಬರೆದ ಪತ್ರಗಳು, ಕಾದ ಕುರ್ಚಿಗಳು, ಆಡಿದ ಮಾತುಗಳು ಯಾವ ಅಪರೂಪದ ಗಿಡಕ್ಕೂ ಖರ್ಚಾಗಿಲ್ಲ. ತೋಟದ ನಾಯಕತ್ವ ಅಂತ ಏನಾದರೂ ಇದ್ದರೆ ಅದು ಬಹುಪಾಲು ಇಂಥದ್ದೇ. ಗಿಡ ನೋಡೋಕೆ ಸಿಗುವುದು ಬೆಳಿಗ್ಗೆ ಎಂಟರಿಂದ ಒಂಬತ್ತು, ಅಷ್ಟೇ. ಉಳಿದದ್ದು ಇಂಡೆಂಟ್, ಕೊಟೇಷನ್, ಬಿಲ್ಲು, ಪ್ರೀ-ವೆಡ್ಡಿಂಗ್ ಫೋಟೋ ತೆಗೆಸಿಕೊಳ್ಳೋಕೆ ಬರುವವರಿಗೆ ಇಲ್ಲ ಅನ್ನೋದು, ನಾಗಲಿಂಗದ ಕಾಯಿ ಕಾರಿನ ಮೇಲೆ ಬಿತ್ತು ಮರ ಕಡಿಸಿ ಅಂತ ಬಂದ ದೂರಿಗೆ ಉತ್ತರ. ಮರ ಅಲ್ಲೇ ಇದೆ. ಕಾರು ನಿಲ್ಲಿಸುವ ಜಾಗ ಬದಲಾಯಿತು.

2024ರ ಬೇಸಿಗೆ ನಿಮಗೆ ನೆನಪಿರುತ್ತೆ. ಬೋರ್‌ವೆಲ್‌ಗಳು ಬತ್ತಿದವು. ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ, ಕಾರು ತೊಳೆಯೋಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತು. ನಮಗೆ ಸಿಕ್ಕಿದ್ದು ಶುದ್ಧೀಕರಿಸಿದ ನೀರಿನ ಟ್ಯಾಂಕರ್. ಹೊಂಗೆ, ಬೇವಿನಂಥ ಮರಕ್ಕೆ ಅದು ಸಾಕು. ಜರೀಗಿಡ, ಆರ್ಕಿಡ್‌ಗೆ ಲವಣ ಜಾಸ್ತಿ ಇರುವ ನೀರು ಆಗುವುದಿಲ್ಲ. ಮಳೆನೀರಿನ ತೊಟ್ಟಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ಯಾರಿಗೆ ಕೊಡೋದು? ಆ ಸಂಜೆ ರಿಜಿಸ್ಟರ್ ಮೇಜಿನ ಮೇಲಿಟ್ಟುಕೊಂಡು ಪಟ್ಟಿ ಮಾಡಿದೆವು. ಕಾಡಿನ ಮೂಲ ಗೊತ್ತಿರುವವು ಮೊದಲು. ಪ್ರಾಕ್ಟಿಕಲ್‌ಗೆ ಬೇಕೇ ಬೇಕಾದವು ಆಮೇಲೆ. ನಾಳೆ ಯಾವ ನರ್ಸರಿಯಲ್ಲಾದರೂ ದುಡ್ಡಿಗೆ ಸಿಗುವಂಥವು ಕೊನೆಗೆ. ಕ್ರೋಟನ್ ಸಾಲು ಒಣಗಿತು. ತೋಟದ ಮುಂಭಾಗ ಚೆನ್ನಾಗಿ ಕಾಣುತ್ತಿಲ್ಲ, ತಪಾಸಣೆಗೆ ತಂಡ ಬರುವುದಿದೆ ಅಂತ ಮೇಲಿನಿಂದ ಫೋನ್ ಬಂತು. ಬಾಡಿಗೆ ಕುಂಡ ತರಿಸಿ ಇಡಿ ಅಂದೆ. ತರಿಸಿ ಇಟ್ಟರು, ತಂಡ ಹೋದ ಮೇಲೆ ಲಾರಿಯಲ್ಲಿ ವಾಪಸ್ ಹೋದವು. ಜರೀಗಿಡಗಳು ಮಾತ್ರ ಹೆಚ್ಚುಕಡಿಮೆ ಎಲ್ಲ ಉಳಿದವು.

ಲೇಬಲ್ ಬಗ್ಗೆ ಎರಡು ಮಾತು. ಕರಿಜಾಲಿ, ಸೀಗೆ ಎಲ್ಲ ನಾವು ಓದುವಾಗ ವೈಜ್ಞಾನಿಕ ಹೆಸರಿನಲ್ಲಿ ಅಕೇಸಿಯಾ ಆಗಿದ್ದವು. 2005ರಲ್ಲಿ ವಿಯೆನ್ನಾದಲ್ಲಿ, ಮತ್ತೆ 2011ರಲ್ಲಿ ಮೆಲ್ಬೋರ್ನ್‌ನಲ್ಲಿ ಸಸ್ಯವಿಜ್ಞಾನಿಗಳು ಸೇರಿ ಆ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಕೊಟ್ಟರು. ನಮ್ಮ ಕರಿಜಾಲಿ ವ್ಯಾಚೆಲಿಯಾ ಆಯಿತು, ಸೀಗೆ ಸೆನೆಗಾಲಿಯಾ ಆಯಿತು. ಸಾವಿರಾರು ಕಿಲೋಮೀಟರ್ ಆಚೆ ಅವರು ಕೈ ಎತ್ತುತ್ತಾರೆ, ಇಲ್ಲಿ ನಾನು ತಗಡಿನ ಬೋರ್ಡ್ ಮತ್ತೆ ಬರೆಸೋಕೆ ಕೊಟೇಷನ್ ಕರೆಯಬೇಕು. ಹಾಗಾಗಿ ಈಗ ಮರಕ್ಕೆ ಕಟ್ಟುವ ಚಿಕ್ಕ ಅಲ್ಯೂಮಿನಿಯಂ ತಗಡಿನಲ್ಲಿ ನಂಬರ್ ಮಾತ್ರ ಒತ್ತಿಸುತ್ತೇವೆ, ಹೆಸರು ಬೇರೆ ಬೋರ್ಡಿನಲ್ಲಿ. ತಂತಿ ಬಿಗಿದು ಕಟ್ಟುವುದಿಲ್ಲ, ಸ್ಪ್ರಿಂಗ್ ಹಾಕುತ್ತೇವೆ. ಮರ ದಪ್ಪ ಆದ ಹಾಗೆ ಅದೂ ಹಿಗ್ಗುತ್ತೆ, ತೊಗಟೆ ಕೊಯ್ಯುವುದಿಲ್ಲ.

ಈಗ ಬಾಕಿ ಇರುವುದು ತೋಟದ ಹಿಂಭಾಗದ ಇಳಿಜಾರು. ಅಲ್ಲಿನ ದೊಡ್ಡ ಮರಗಳ ಬಗ್ಗೆ ಯಜಮಾನ್ರಿಗೂ ಗೊತ್ತಿಲ್ಲ, ಅವರು ಸೇರುವ ಮೊದಲೇ ಇದ್ದವಂತೆ. ಹಳೇ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ, ನಿಮ್ಮ ಕಾಲದ ಟೂರ್ ಫೋಟೋ, ಫೀಲ್ಡ್ ನೋಟ್ಸ್, ರೆಕಾರ್ಡ್ ಬುಕ್ ಅಟ್ಟದ ಮೇಲೆ ಇದ್ದರೆ ದಯವಿಟ್ಟು ತೆಗೆದು ನೋಡಿ. ಫೋಟೋ ಹಿಂಬದಿ ಏನಾದರೂ ಬರೆದಿದ್ದರೆ ಅದನ್ನೂ ಮೊಬೈಲ್‌ನಲ್ಲಿ ತೆಗೆದು ಕಳಿಸಿ. ಇಳಿಜಾರಿನ ಮರಗಳಿಗೆ ನಂಬರ್ ಹಾಕುವ ಕೆಲಸ ಮಳೆ ನಿಂತ ಮೇಲೆ ಶುರು. ಕೈ ಜೋಡಿಸುವವರು ಶನಿವಾರ ಬೆಳಿಗ್ಗೆ ಬನ್ನಿ, ಬೂಟು ಹಾಕಿಕೊಂಡೇ ಬನ್ನಿ, ಲಂಟಾನ ಪೊದೆ ದಟ್ಟವಾಗಿದೆ ಮತ್ತು ಕೇರೆಹಾವು ಇದೆ. ಏನೂ ಮಾಡುವುದಿಲ್ಲ, ಆದರೂ ಹೇಳಿರಬೇಕಲ್ವಾ.