ಉಭಯವೇತನ ಎಂದರೆ ಯಾರು?

ಚುನಾವಣೆ ಬಂದರೆ ಮಡಿಕೇರಿಯಿಂದ ಗೋಣಿಕೊಪ್ಪಲಿನವರೆಗೆ ‘ಅವನು ಡಬಲ್ ಏಜೆಂಟ್’ ಎಂಬ ಮಾತು ಕೇಳಿಬರುತ್ತದೆ. ಎರಡು ದೋಣಿಯ ಮೇಲೆ ಕಾಲಿಟ್ಟವರಿಗೆಲ್ಲ ಈ ಹೆಸರು ಸಲ್ಲುವುದಿಲ್ಲ. ಸೇನೆಗೆ ಇಷ್ಟು ಜನರನ್ನು ಕೊಟ್ಟ ಕೊಡಗಿನಲ್ಲಾದರೂ ಈ ಪದವನ್ನು ಸರಿಯಾಗಿ ಬಳಸಬೇಕು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ಉಭಯವೇತನ’ ಎಂಬ ಪದವಿದೆ: ಎರಡೂ ಕಡೆ ಸಂಬಳ ಪಡೆಯುವವನು. ಅಂಥವನನ್ನು ನೇಮಿಸುವಾಗ ಅವನ ಹೆಂಡತಿ ಮಕ್ಕಳನ್ನು ರಾಜ ತನ್ನ ವಶದಲ್ಲಿಟ್ಟುಕೊಳ್ಳಬೇಕು ಎನ್ನುತ್ತದೆ ಆ ಗ್ರಂಥ. ನಿಷ್ಠೆ ಜಾರುವ ಭಯ ಅಷ್ಟಿತ್ತು.

ಡಬಲ್ ಏಜೆಂಟ್ ಒಂದು ಕಡೆಯ ಗೂಢಚಾರನೆಂದು ತೋರಿಸಿಕೊಂಡು, ನಿಜವಾಗಿ ಇನ್ನೊಂದು ಕಡೆಯ ಹಿಡಿತದಲ್ಲಿರುತ್ತಾನೆ. ಬ್ರಿಟನ್ನಿನ ಗುಪ್ತಚರ ಅಧಿಕಾರಿ ಕಿಮ್ ಫಿಲ್ಬಿಯನ್ನು ಹಾಗೆ ಕರೆಯುವುದು ಸಡಿಲ ಬಳಕೆ. ಅವನು ಮೊದಲಿನಿಂದಲೂ ಸೋವಿಯತ್ ಪರ. ಬ್ರಿಟಿಷ್ ಗುಪ್ತಚರ ಸಂಸ್ಥೆಯೊಳಗೆ ನುಸುಳಿದವನು. 1963ರಲ್ಲಿ ಮಾಸ್ಕೋಗೆ ಓಡಿಹೋದ.

ಸರಿಯಾದ ಉದಾಹರಣೆ ಸ್ಪೇನಿನ ಹುವಾನ್ ಪುಜೋಲ್, ಗುಪ್ತನಾಮ ಗಾರ್ಬೊ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗೂಢಚಾರನೆಂದು ತೋರಿಸಿಕೊಂಡು, ನಿಜವಾಗಿ ಬ್ರಿಟನ್ನಿಗೆ ದುಡಿದವನು. ಜರ್ಮನರ ಲೆಕ್ಕದಲ್ಲಿ ಇವನ ಕೈಕೆಳಗೆ 27 ಗೂಢಚಾರರು. ಅಷ್ಟೂ ಜನ ಕಲ್ಪಿತರು. ಬರೀ ಸುಳ್ಳು ಹೇಳಿದರೆ ಇಂಥ ಆಟ ಬೇಗ ಮುರಿದುಬೀಳುತ್ತದೆ. ಹಾಗಾಗಿ ನಿಜವಾದ, ಆದರೆ ಹಾನಿಯಿಲ್ಲದ ಸುದ್ದಿಯನ್ನೂ ಬೆರೆಸುತ್ತಾರೆ. ಕೆಲವೊಮ್ಮೆ ದೊಡ್ಡ ನಿಜವನ್ನೇ ತಡವಾಗಿ ಕಳಿಸುತ್ತಾರೆ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ಬ್ರಿಟನ್ ಮತ್ತು ಮಿತ್ರರು ನಡೆಸಿದ ದಾಳಿಯ ಸುದ್ದಿ ಗಾರ್ಬೊನಿಂದ ಜರ್ಮನರಿಗೆ ತಲುಪಿದ್ದು ಹಾಗೆಯೇ. ಅದೇ ವರ್ಷ ಜರ್ಮನಿಯ ಸೇನಾ ಪದಕ ಐರನ್ ಕ್ರಾಸ್, ಬ್ರಿಟನ್ನಿನ ಗೌರವ ಎಂಬಿಇ ಎರಡೂ ಅವನ ಪಾಲಾದವು.

ಅವನನ್ನು ಜರ್ಮನರು ಗುರುತಿಸಿ ಮತ್ತೆ ತಮ್ಮ ಕಡೆ ತಿರುಗಿಸಿದ್ದರೆ ‘ಟ್ರಿಪಲ್ ಏಜೆಂಟ್’ ಆಗುತ್ತಿದ್ದ.